ಚೆಂಡು ಎಸೆದವನೂ ದಾರಿ ಮಾಡಿಕೊಟ್ಟವರೂ

ಯಾವ ಆಟದ ಸುದ್ದಿಯನ್ನಾದರೂ ತೆಗೆದು ನೋಡಿ; ಒಂದು ಹೆಸರು ದಪ್ಪ ಅಕ್ಷರದಲ್ಲಿ ಇದ್ದೇ ಇರುತ್ತದೆ. ತಂಡ ಗೆದ್ದರೆ ಗೆಲ್ಲಿಸಿದವನು ಅವನು. ಸೋತರೆ ಸೋಲಿಸಿದವನೂ ಅವನೇ. ಸಂಜೆ ಕೆಲಸ ಮುಗಿಸಿ ಬಂದು, ವಾಚನಾಲಯದ ಮೇಜಿನ ಸುತ್ತ ಕುಳಿತು ನಾವು ನಡೆಸುವ ಚರ್ಚೆಯೂ ಬಹುಮಟ್ಟಿಗೆ ಹೀಗೆಯೇ ಸಾಗುತ್ತದೆ. ಹನ್ನೊಂದು ಮಂದಿ ಆಡಿದ ಆಟಕ್ಕೆ ಒಬ್ಬನನ್ನೇ ಹೊಗಳುವುದು ಅಥವಾ ಒಬ್ಬನನ್ನೇ ತೆಗಳುವುದು ಎಷ್ಟರಮಟ್ಟಿಗೆ ನ್ಯಾಯ? ಈ ಪ್ರಶ್ನೆ ಎಲ್ಲ ಆಟಗಳಿಗೂ ಸಲ್ಲುವುದಾದರೂ, ಅಮೆರಿಕದ ಫುಟ್‌ಬಾಲಿನಲ್ಲಿ ಅದು ಎದ್ದು ಕಾಣುತ್ತದೆ. ಆದುದರಿಂದ ಈ ಸಲ ಆ ಆಟದ ಸಂಗತಿಯನ್ನೇ ವಾಚಕರ ಮುಂದಿಡುತ್ತೇವೆ.

ಆಟದ ಪರಿಚಯ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅಲ್ಲಿನ ಚೆಂಡು ಗುಂಡಗಿರುವುದಿಲ್ಲ. ಉದ್ದವಾಗಿ, ಎರಡು ತುದಿಗಳಲ್ಲಿ ಚೂಪಾಗಿರುತ್ತದೆ. ಅದನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ಮೈದಾನದ ಉದ್ದ ಗೆರೆಯಿಂದ ಗೆರೆಗೆ ೧೦೦ ಗಜ. ಚೆಂಡು ಪಡೆದ ತಂಡಕ್ಕೆ ನಾಲ್ಕು ಸರದಿಗಳು ಸಿಗುತ್ತವೆ. ಆ ನಾಲ್ಕರೊಳಗೆ ೧೦ ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಸರದಿ. ಇಲ್ಲವಾದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಎದುರಾಳಿಯ ಕೊನೆಯ ಗೆರೆಯನ್ನು ಚೆಂಡಿನೊಡನೆ ದಾಟಿದರೆ ‘ಟಚ್‌ಡೌನ್’. ಅದಕ್ಕೆ ಆರು ಅಂಕ.

ಈ ಆಟದಲ್ಲಿ ಒಂದು ವಿಶೇಷವುಂಟು. ಚೆಂಡು ತಮ್ಮದಾಗಿರುವಾಗ ಆಡುವ ಹನ್ನೊಂದು ಮಂದಿ ಬೇರೆ. ಎದುರಾಳಿಯನ್ನು ತಡೆಯಲು ಇಳಿಯುವ ಹನ್ನೊಂದು ಮಂದಿ ಬೇರೆ. ಮುನ್ನುಗ್ಗುವ ಪಂಗಡದ ನಾಯಕನಂತೆ ಇರುವವನೇ ಕ್ವಾರ್ಟರ್‌ಬ್ಯಾಕ್. ಮಧ್ಯದಲ್ಲಿ ಬಗ್ಗಿ ನಿಂತ ‘ಸೆಂಟರ್’ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಅವನ ಕೈಗೆ ಕೊಡುತ್ತಾನೆ. ಆಮೇಲೆ ಅದನ್ನು ಓಟಗಾರನ ಕೈಗೆ ಕೊಡಬಹುದು, ದೂರ ಓಡುತ್ತಿರುವ ಹಿಡಿತಗಾರನಿಗೆ ಎಸೆಯಬಹುದು, ತಾನೇ ಓಡಬಹುದು. ಯೋಚಿಸಲು ಅವನಿಗೆ ಸಿಗುವ ಕಾಲ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸೆಕೆಂಡು ಮಾತ್ರ.

ಆ ಮೂರು ಸೆಕೆಂಡುಗಳನ್ನು ಅವನಿಗೆ ದೊರಕಿಸಿಕೊಡುವವರು ಯಾರು? ಅವನ ಮುಂದೆ ಗೋಡೆಯಂತೆ ನಿಲ್ಲುವ ಐವರು. ಇವರಲ್ಲಿ ಒಬ್ಬೊಬ್ಬನೂ ಸುಮಾರು ೧೪೦ ಕಿಲೋ ತೂಗುವ ಆಳು. ಎದುರಾಳಿಗಳು ಕ್ವಾರ್ಟರ್‌ಬ್ಯಾಕನ್ನು ಕೆಡವಲು ನುಗ್ಗಿ ಬರುವಾಗ ಅವರನ್ನು ತಡೆದು ಹಿಡಿಯುವುದು ಇವರ ಕೆಲಸ. ಇವರು ಚೆಂಡನ್ನು ಹಿಡಿದು ಓಡುವವರಲ್ಲ, ಅಂಕ ಗಳಿಸುವವರಲ್ಲ. ಇವರ ಹೆಸರು ಸುದ್ದಿಯಲ್ಲಿ ಬರುವುದೂ ಅಪರೂಪ. ಇವರು ಸೋತಾಗ ಕ್ವಾರ್ಟರ್‌ಬ್ಯಾಕ್ ಚೆಂಡಿನೊಡನೆ ನೆಲಕ್ಕೆ ಬೀಳುತ್ತಾನೆ. ಇದಕ್ಕೆ ‘ಸ್ಯಾಕ್’ ಎಂದು ಹೆಸರು. ಆ ಸರದಿಯೂ ಹೋಯಿತು, ಗಳಿಸಿದ ನೆಲವೂ ಹೋಯಿತು. ಪಟ್ಟಿಯಲ್ಲಿ ಅದು ಬರೆಯಲ್ಪಡುವುದು ಮಾತ್ರ ಬಿದ್ದವನ ಹೆಸರಿನ ಮುಂದೆ.

ಒಬ್ಬನೇ ಮನುಷ್ಯ, ಎರಡು ವರ್ಷ

ಪೇಟನ್ ಮ್ಯಾನಿಂಗ್ ಎಂಬ ಕ್ವಾರ್ಟರ್‌ಬ್ಯಾಕ್‌ನ ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ೨೦೧೩ರಲ್ಲಿ ಅವನು ಡೆನ್ವರ್ ತಂಡಕ್ಕೆ ಆಡುತ್ತಿದ್ದನು. ಆ ಋತುವಿನಲ್ಲಿ ಅವನ ಎಸೆತಗಳಿಂದ ೫೫ ಟಚ್‌ಡೌನ್‌ಗಳು ಬಂದವು. ಎದುರಾಳಿಗಳ ಕೈಸೇರಿದ ಎಸೆತಗಳು ಕೇವಲ ೧೦. ಅವನ ತಂಡ ೬೦೬ ಅಂಕಗಳನ್ನು ಗಳಿಸಿತು. ಅಲ್ಲಿಯವರೆಗೆ ಯಾವ ತಂಡವೂ ಒಂದು ಋತುವಿನಲ್ಲಿ ಅಷ್ಟು ಗಳಿಸಿರಲಿಲ್ಲ. ಆದರೆ ೨೦೧೪ರ ಫೆಬ್ರವರಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ, ಅಂದರೆ ಸೂಪರ್ ಬೌಲ್‌ನಲ್ಲಿ, ಸಿಯಾಟಲ್ ತಂಡದ ಎದುರು ೪೩–೮ರಿಂದ ಸೋತಿತು. ‘ದೊಡ್ಡ ಪಂದ್ಯದಲ್ಲಿ ಇವನ ಕೈ ಕಟ್ಟಿಹೋಗುತ್ತದೆ’ ಎಂಬ ಹಳೆಯ ಮಾತು ಮತ್ತೆ ಕೇಳಿಬಂತು.

ಎರಡು ವರ್ಷ ಕಳೆಯಿತು. ೨೦೧೫ರಲ್ಲಿ ಮ್ಯಾನಿಂಗ್‌ಗೆ ೩೯ ವರ್ಷ. ಮೈಯಲ್ಲಿ ಹಿಂದಿನ ಶಕ್ತಿಯಿರಲಿಲ್ಲ. ಕಾಲಿನ ನೋವಿನಿಂದ ಕೆಲವು ಪಂದ್ಯಗಳಿಗೆ ಹೊರಗೆ ಕುಳಿತನು. ಆ ಋತುವಿನಲ್ಲಿ ಅವನ ಟಚ್‌ಡೌನ್ ಎಸೆತಗಳು ೯. ಎದುರಾಳಿಗೆ ಒಪ್ಪಿಸಿದವು ೧೭. ಅವನ ಜೀವನದಲ್ಲೇ ಇದು ತೀರ ಕೆಟ್ಟ ವರ್ಷಗಳಲ್ಲೊಂದು. ಆದರೂ ೨೦೧೬ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಡೆನ್ವರ್ ತಂಡ ಕ್ಯಾರೊಲೈನಾ ತಂಡವನ್ನು ೨೪–೧೦ರಿಂದ ಸೋಲಿಸಿತು. ಗೆಲ್ಲಿಸಿದವರು ಯಾರು? ರಕ್ಷಣೆಯ ಪಂಗಡದವರು. ಅವರಲ್ಲಿ ಮುಖ್ಯನಾದ ವಾನ್ ಮಿಲ್ಲರ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಎರಡು ಸಲ ಚೆಂಡನ್ನು ಬೀಳಿಸಿದನು. ಎರಡು ಸಲವೂ ಅದರಿಂದ ಟಚ್‌ಡೌನ್ ಬಂತು. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವವೂ ಮಿಲ್ಲರ್‌ಗೇ ಸಂದಿತು. ಹಾಗಿದ್ದರೂ ‘ಎರಡು ಸೂಪರ್ ಬೌಲ್ ಗೆದ್ದವನು’ ಎಂಬ ಬಿರುದು ಮ್ಯಾನಿಂಗ್‌ನ ಹೆಸರಿಗೆ ಸೇರಿತು. ಚೆನ್ನಾಗಿ ಆಡಿದ ವರ್ಷ ಸೋಲಿನ ಹೆಸರು, ಸರಿಯಾಗಿ ಆಡದ ವರ್ಷ ಗೆಲುವಿನ ಕಿರೀಟ! ಪ್ರಶಸ್ತಿಗಳನ್ನು ಎಣಿಸಿ ಮನುಷ್ಯನನ್ನು ಅಳೆಯುವುದು ಎಷ್ಟು ಸಡಿಲವಾದ ಅಳತೆಯೆಂಬುದಕ್ಕೆ ಇಷ್ಟು ಸಾಕು.

ಇನ್ನೊಂದು ಜೋಡಿಯೂ ಉಂಟು. ಮಯಾಮಿ ತಂಡದ ಡ್ಯಾನ್ ಮರಿನೊ ೧೯೮೪ರಲ್ಲಿ ಎಸೆತಗಳಿಂದಲೇ ೫,೦೮೪ ಗಜ ಗಳಿಸಿದನು. ಐದು ಸಾವಿರವನ್ನು ದಾಟಿದವರಲ್ಲಿ ಅವನೇ ಮೊದಲಿಗ. ಹದಿನೇಳು ಋತುಗಳನ್ನು ಆಡಿದರೂ ಅವನು ಸೂಪರ್ ಬೌಲ್ ಗೆಲ್ಲಲಿಲ್ಲ. ಬಾಲ್ಟಿಮೋರ್ ತಂಡದ ಟ್ರೆಂಟ್ ಡಿಲ್ಫರ್ ೨೦೦೧ರ ಜನವರಿಯಲ್ಲಿ ಗೆದ್ದನು. ಆ ಋತುವಿನ ೧೬ ಪಂದ್ಯಗಳಲ್ಲಿ ಅವನ ತಂಡದ ರಕ್ಷಕರು ಎದುರಾಳಿಗಳಿಗೆ ಬಿಟ್ಟುಕೊಟ್ಟ ಅಂಕಗಳು ಒಟ್ಟು ೧೬೫ ಮಾತ್ರ. ಡಿಲ್ಫರ್ ಮರಿನೊಗಿಂತ ಮೇಲೆಂದು ಯಾರೂ ಹೇಳರು. ಗೆದ್ದ ತಂಡವೇ ಮರುವರ್ಷ ಡಿಲ್ಫರ್‌ನನ್ನು ಉಳಿಸಿಕೊಳ್ಳಲಿಲ್ಲ.

ಲೆಕ್ಕದ ಪುಸ್ತಕ ಹೇಳದ ಮಾತು

‘ಹಾಗಾದರೆ ಗೆಲುವು ಸೋಲು ಬಿಡಿ, ಅಂಕಿಅಂಶಗಳನ್ನು ನೋಡೋಣ, ಅವು ಸುಳ್ಳಾಡುವುದಿಲ್ಲವಲ್ಲ’ ಎಂದು ಯಾರಾದರೂ ಕೇಳಬಹುದು. ಅಂಕಿಗಳು ಸುಳ್ಳಾಡುವುದಿಲ್ಲ ನಿಜ. ಆದರೆ ಎಲ್ಲವನ್ನೂ ಹೇಳುವುದೂ ಇಲ್ಲ. ಅಮೆರಿಕದ ರಾಷ್ಟ್ರೀಯ ಲೀಗು ೧೯೭೩ರಲ್ಲಿ ಎಸೆತಗಾರರಿಗಾಗಿ ಒಂದು ಸೂತ್ರವನ್ನು ಗೊತ್ತುಮಾಡಿತು. ನೂರಕ್ಕೆ ಎಷ್ಟು ಎಸೆತ ಕೈಸೇರಿತು, ಎಸೆತಕ್ಕೆ ಎಷ್ಟು ಗಜ ಬಂತು, ಎಷ್ಟು ಟಚ್‌ಡೌನ್ ಆಯಿತು, ಎಷ್ಟು ಎಸೆತ ಎದುರಾಳಿಯ ಪಾಲಾಯಿತು ಎಂಬ ನಾಲ್ಕನ್ನು ಸೇರಿಸಿ ಒಂದು ಅಂಕವನ್ನು ತೆಗೆಯುತ್ತಾರೆ. ಅದರ ಮೇಲಿನ ಮಿತಿ ೧೫೮.೩.

ಈ ಲೆಕ್ಕ ಎಲ್ಲಿ ತಪ್ಪುತ್ತದೆಂಬುದನ್ನು ನೋಡಿ. ಕ್ವಾರ್ಟರ್‌ಬ್ಯಾಕ್ ಸರಿಯಾಗಿ ಎಸೆದ ಚೆಂಡು ಹಿಡಿತಗಾರನ ಬೆರಳುಗಳಿಗೆ ತಾಗಿ ಮೇಲೆ ಚಿಮ್ಮಿತು, ಎದುರಾಳಿ ಹಿಡಿದನು, ತಪ್ಪು ಯಾರದು? ಪುಸ್ತಕದಲ್ಲಿ ಎಸೆದವನದು. ಇನ್ನೊಮ್ಮೆ ಅವನು ಎರಡೇ ಗಜ ದೂರದವನಿಗೆ ಮೆಲ್ಲಗೆ ಕೊಟ್ಟನು. ಪಡೆದವನು ನಾಲ್ವರನ್ನು ತಪ್ಪಿಸಿಕೊಂಡು ೬೦ ಗಜ ಓಡಿದನು. ಆ ಗಜಗಳೆಲ್ಲ ಎಸೆದವನ ಲೆಕ್ಕಕ್ಕೂ ಸೇರುತ್ತವೆ. ಮತ್ತೊಮ್ಮೆ ಮುಂದಿನ ಗೋಡೆ ಕುಸಿದು ಮೂವರು ಮೇಲೆ ಬಂದರು. ಅವನು ಬುದ್ಧಿವಂತಿಕೆಯಿಂದ ಚೆಂಡನ್ನು ಗೆರೆಯಾಚೆ ಎಸೆದು ನಷ್ಟವನ್ನು ತಪ್ಪಿಸಿದನು. ಪುಸ್ತಕ ಅದನ್ನು ‘ಗುರಿ ತಪ್ಪಿದ ಎಸೆತ’ ಎಂದು ಬರೆಯುತ್ತದೆ.

೨೦೧೦ರ ದಶಕದ ನಡುವಿನಿಂದ ಆಟಗಾರರ ಭುಜದ ಕವಚದೊಳಗೆ ಪುಟ್ಟ ಯಂತ್ರಗಳನ್ನಿಟ್ಟು, ಯಾರು ಎಲ್ಲಿದ್ದರು, ಹಿಡಿತಗಾರನಿಗೂ ಅವನನ್ನು ಕಾಯುವವನಿಗೂ ನಡುವೆ ಎಷ್ಟು ಅಂತರವಿತ್ತು ಎಂಬುದನ್ನೂ ಅಳೆಯುತ್ತಿದ್ದಾರೆ. ಇದರಿಂದ ತೀರ್ಪು ಹಿಂದಿಗಿಂತ ಸೂಕ್ಷ್ಮವಾಗಿದೆ. ಆದರೂ ಹನ್ನೊಂದು ಮಂದಿಯ ಕೆಲಸವನ್ನು ಹನ್ನೊಂದು ಪಾಲು ಮಾಡಿ ಹಂಚುವುದು ಸುಲಭವಲ್ಲ.

ಮನೆ ಬದಲಾದಾಗ

ಒಂದೇ ಬೀಜವನ್ನು ಎರಡು ನೆಲದಲ್ಲಿ ಬಿತ್ತಿ ನೋಡುವಂತೆ, ಒಬ್ಬನೇ ಆಟಗಾರನನ್ನು ಎರಡು ತಂಡಗಳಲ್ಲಿ ನೋಡಿದರೆ ಸಂಗತಿ ಹೆಚ್ಚು ಸ್ಪಷ್ಟವಾಗುತ್ತದೆ. ಸ್ಟೀವ್ ಯಂಗ್ ೧೯೮೫ ಮತ್ತು ೧೯೮೬ರಲ್ಲಿ ಟ್ಯಾಂಪಾ ಬೇ ತಂಡದಲ್ಲಿದ್ದನು. ಆ ಎರಡು ವರ್ಷವೂ ಆ ತಂಡ ೧೬ ಪಂದ್ಯಗಳಲ್ಲಿ ಎರಡೆರಡನ್ನು ಮಾತ್ರ ಗೆದ್ದಿತು. ಯಂಗ್ ಆರಂಭದಿಂದ ಆಡಿದ ೧೯ ಪಂದ್ಯಗಳಲ್ಲಿ ಗೆದ್ದವು ೩. ಟಚ್‌ಡೌನ್ ಎಸೆತಗಳು ೧೧, ಎದುರಾಳಿಗೆ ಹೋದವು ೨೧. ‘ಇವನಿಂದ ಆಗದು’ ಎಂದು ತಂಡದವರು ಬೇರೊಬ್ಬ ಹುಡುಗನನ್ನು ಆರಿಸಿಕೊಂಡು, ಯಂಗ್‌ನನ್ನು ೧೯೮೭ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಬಿಟ್ಟುಕೊಟ್ಟರು.

ಅಲ್ಲಿ ಬಿಲ್ ವಾಲ್ಶ್ ಎಂಬ ಹೆಸರಾಂತ ತರಬೇತುದಾರನಿದ್ದನು. ಚೆಂಡು ಹಿಡಿಯಲು ಜೆರಿ ರೈಸ್ ಇದ್ದನು. ಮುಂದೆ ಗಟ್ಟಿಯಾದ ಗೋಡೆಯಿತ್ತು. ಜೋ ಮೊಂಟಾನಾ ಎಂಬ ಮಹಾ ಆಟಗಾರನ ಹಿಂದೆ ಯಂಗ್ ನಾಲ್ಕು ವರ್ಷ ಕಾದು ಕುಳಿತನು, ನೋಡಿ ಕಲಿತನು. ೧೯೯೧ರಿಂದ ಅವನ ಸರದಿ ಬಂತು. ೧೯೯೨ರಲ್ಲಿಯೂ ೧೯೯೪ರಲ್ಲಿಯೂ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದನು. ಮೇಲೆ ಹೇಳಿದ ಸೂತ್ರದ ಅಂಕದಲ್ಲಿ ಆರು ಋತುಗಳಲ್ಲಿ ಎಲ್ಲರಿಗಿಂತ ಮುಂದಿದ್ದನು. ೧೯೯೫ರ ಜನವರಿಯ ಸೂಪರ್ ಬೌಲ್‌ನಲ್ಲಿ ಆರು ಟಚ್‌ಡೌನ್ ಎಸೆತಗಳನ್ನು ಎಸೆದು ತಂಡವನ್ನು ೪೯–೨೬ರಿಂದ ಗೆಲ್ಲಿಸಿದನು. ಟ್ಯಾಂಪಾದಲ್ಲಿದ್ದದ್ದೂ ಅದೇ ತೋಳು, ಅದೇ ಕಾಲು. ಒಂದು ವೇಳೆ ಅವನನ್ನು ಯಾರೂ ಕರೆಯದೆ ಇದ್ದಿದ್ದರೆ, ಇಂದು ಅವನ ಹೆಸರಿನ ಮುಂದೆ ಉಳಿಯುತ್ತಿದ್ದುದು ‘೧೯ರಲ್ಲಿ ೩’ ಎಂಬ ಲೆಕ್ಕ ಮಾತ್ರ.

ಕರೆ ಬಾರದವರೂ ಉಂಟು. ಹ್ಯೂಸ್ಟನ್ ನಗರದಲ್ಲಿ ೨೦೦೨ರಲ್ಲಿ ಹೊಸದಾಗಿ ಒಂದು ತಂಡ ಹುಟ್ಟಿತು. ಅದು ಆ ವರ್ಷದ ಹುಡುಗರಲ್ಲಿ ಮೊದಲನೆಯವನಾಗಿ ಡೇವಿಡ್ ಕಾರ್‌ನನ್ನು ಆರಿಸಿಕೊಂಡಿತು. ಅವನನ್ನು ಕಾಯಲೆಂದು ತಂದ ಅನುಭವಿ ಆಟಗಾರ ಟೋನಿ ಬೊಸೆಲಿ ಭುಜದ ಗಾಯದಿಂದ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಆ ಮೊದಲ ಋತುವಿನಲ್ಲೇ ಕಾರ್ ೭೬ ಸಲ ನೆಲಕ್ಕುರುಳಿದನು. ಅದು ಲೀಗಿನ ದಾಖಲೆಯಾಯಿತು. ೨೦೦೫ರಲ್ಲಿ ಮತ್ತೆ ೬೮ ಸಲ. ಚೆಂಡನ್ನು ಬೇಗ ಬಿಡದಿದ್ದುದರಿಂದ ಕೆಲವು ಸಲ ತಪ್ಪು ಅವನದೂ ಇದ್ದೀತು. ಆದರೆ ಪ್ರತಿ ಪಂದ್ಯದಲ್ಲಿ ನಾಲ್ಕೈದು ಸಲ ನೆಲ ಕಂಡ ಹುಡುಗ ಮುಂದೆ ಎಸೆಯಬೇಕಾದ ದಿಕ್ಕನ್ನು ನೋಡುವನೇ, ಮೇಲೆ ಬೀಳಲು ಬರುತ್ತಿರುವವರನ್ನು ನೋಡುವನೇ? ಐದು ಋತುಗಳ ನಂತರ ತಂಡ ಅವನನ್ನು ಬಿಟ್ಟಿತು. ಮುಂದೆ ಅವನು ಬೇರೆ ತಂಡಗಳಲ್ಲಿ ಬದಲಿ ಆಟಗಾರನಾಗಿ ದಿನ ಕಳೆದನು. ಒಳ್ಳೆಯ ಗೋಡೆಯ ಹಿಂದೆ ಅವನು ಏನಾಗುತ್ತಿದ್ದನೆಂಬುದನ್ನು ಹೇಳಲು ಈಗ ದಾರಿಯಿಲ್ಲ.

ಒಳ್ಳೆಯ ಹುಡುಗ ಬಡ ತಂಡಕ್ಕೆ ಹೋಗುವುದೇಕೆ?

ಇದು ಬರಿಯ ಅದೃಷ್ಟದ ಮಾತಲ್ಲ, ಪದ್ಧತಿಯೇ ಹಾಗಿದೆ. ೧೯೩೬ರಿಂದ ಅಲ್ಲಿ ಒಂದು ನಿಯಮ ನಡೆದುಬಂದಿದೆ. ಕಾಲೇಜುಗಳಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಬಲಹೀನರು ಬಲಗೊಳ್ಳಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಅದರ ಪರಿಣಾಮವಾಗಿ ಎಲ್ಲರಿಗಿಂತ ಹೆಚ್ಚು ಆಸೆ ಹುಟ್ಟಿಸಿದ ಹುಡುಗ, ಗೋಡೆ ಮುರಿದ, ಹಿಡಿತಗಾರರಿಲ್ಲದ, ತರಬೇತುದಾರರು ಬದಲಾಗುತ್ತಲೇ ಇರುವ ತಂಡಕ್ಕೆ ಹೋಗಿ ಬೀಳುವುದು ಹೆಚ್ಚು. ಪೇಟನ್‌ನ ತಂದೆ ಆರ್ಚಿ ಮ್ಯಾನಿಂಗ್ ೧೯೭೧ರಲ್ಲಿ ಎರಡನೆಯವನಾಗಿ ಆರಿಸಲ್ಪಟ್ಟು ನ್ಯೂ ಆರ್ಲಿಯನ್ಸ್ ತಂಡವನ್ನು ಸೇರಿದನು. ಅವನು ಅಲ್ಲಿದ್ದಷ್ಟು ಕಾಲ ಒಂದು ಋತುವಿನಲ್ಲಿಯೂ ಆ ತಂಡ ಸೋಲಿಗಿಂತ ಹೆಚ್ಚು ಗೆಲುವನ್ನು ಕಾಣಲಿಲ್ಲ. ೧೯೮೦ರಲ್ಲಿ ೧೬ರಲ್ಲಿ ಒಂದನ್ನೇ ಗೆದ್ದಿತು. ಅವನ ಇಬ್ಬರು ಮಕ್ಕಳು, ಪೇಟನ್ ಮತ್ತು ಈಲೈ, ತಲಾ ಎರಡು ಸೂಪರ್ ಬೌಲ್ ಗೆದ್ದರು.

ಹಣದ ಮಾತೂ ಇದೆ. ೧೯೯೪ರಿಂದ ಪ್ರತಿ ತಂಡವೂ ಆಟಗಾರರ ಸಂಬಳಕ್ಕೆ ವೆಚ್ಚ ಮಾಡಬಹುದಾದ ಒಟ್ಟು ಮೊತ್ತಕ್ಕೆ ಮಿತಿಯಿದೆ. ಕ್ವಾರ್ಟರ್‌ಬ್ಯಾಕ್‌ಗೆ ಹೆಚ್ಚು ಕೊಟ್ಟರೆ ಉಳಿದವರಿಗೆ ಕಡಿಮೆ. ೨೦೧೪ರಲ್ಲಿ ಮ್ಯಾನಿಂಗ್‌ನನ್ನು ಸೋಲಿಸಿದ ಸಿಯಾಟಲ್ ತಂಡದ ರಸ್ಸೆಲ್ ವಿಲ್ಸನ್ ಆಗಿನ್ನೂ ಎರಡನೆಯ ವರ್ಷದ ಆಟಗಾರ, ಸಂಬಳ ಕಡಿಮೆ. ಉಳಿದ ಹಣದಲ್ಲಿ ತಂಡ ಬಲವಾದ ರಕ್ಷಕರನ್ನು ಕೂಡಿಹಾಕಿತ್ತು.

ಹಾಗಾದರೆ ಅವನು ಲೆಕ್ಕಕ್ಕಿಲ್ಲವೇ?

ಇಷ್ಟು ಓದಿದವರು ‘ಎಲ್ಲವೂ ಜೊತೆಗಾರರಿಂದಲೇ, ಕ್ವಾರ್ಟರ್‌ಬ್ಯಾಕ್ ಯಾರಾದರೇನು’ ಎಂಬ ಇನ್ನೊಂದು ತುದಿಗೆ ಹೋಗಬಾರದು. ಎರಡು ಘಟನೆಗಳನ್ನು ಎದುರುಬದುರು ಇಡೋಣ.

ನ್ಯೂ ಇಂಗ್ಲೆಂಡ್ ತಂಡದ ಟಾಮ್ ಬ್ರೇಡಿ ೨೦೦೮ರ ಮೊದಲ ಪಂದ್ಯದಲ್ಲೇ ಮೊಣಕಾಲು ಮುರಿಸಿಕೊಂಡು ಹೊರಗಾದನು. ಅವನ ಜಾಗಕ್ಕೆ ಬಂದ ಮ್ಯಾಟ್ ಕ್ಯಾಸೆಲ್ ಕಾಲೇಜಿನಲ್ಲಿ ಸಹ ಆ ಸ್ಥಾನದಲ್ಲಿ ಆರಂಭದಿಂದ ಆಡಿದವನಲ್ಲ. ಅಲ್ಲಿಯೂ ಬೇರೆಯವರ ಹಿಂದೆ ಕಾದವನೇ. ಆದರೂ ತಂಡ ೧೬ರಲ್ಲಿ ೧೧ ಪಂದ್ಯಗಳನ್ನು ಗೆದ್ದಿತು. ‘ನೋಡಿ, ಬ್ರೇಡಿಯ ಹಿರಿಮೆಯೆಲ್ಲ ತಂಡದ್ದೇ’ ಎಂದರು ಹಲವರು. ಆದರೆ ಹಿಂದಿನ ವರ್ಷ ಬ್ರೇಡಿಯೊಡನೆ ಅದೇ ತಂಡ ೧೬ರಲ್ಲಿ ೧೬ನ್ನೂ ಗೆದ್ದಿತ್ತು. ಹನ್ನೊಂದು ಜೊತೆಗಾರರ ಬಲವಾದರೆ, ಉಳಿದ ಐದು ಯಾರದು? ಮರುವರ್ಷ ಕ್ಯಾಸೆಲ್ ಕ್ಯಾನ್ಸಸ್ ಸಿಟಿ ತಂಡಕ್ಕೆ ಹೋದನು. ಆ ತಂಡ ನಾಲ್ಕನ್ನೇ ಗೆದ್ದಿತು. ಬ್ರೇಡಿ ೨೦೨೦ರಲ್ಲಿ ಟ್ಯಾಂಪಾ ಬೇ ತಂಡಕ್ಕೆ ಹೋದನು. ಮೊದಲ ಋತುವಿನಲ್ಲೇ ಸೂಪರ್ ಬೌಲ್ ಗೆದ್ದನು.

ಇನ್ನೊಂದು ಘಟನೆ ಇಂಡಿಯಾನಾಪೊಲಿಸ್ ತಂಡದ್ದು. ಪೇಟನ್ ಮ್ಯಾನಿಂಗ್ ಡೆನ್ವರ್‌ಗೆ ಹೋಗುವ ಮೊದಲು ಅಲ್ಲಿದ್ದನು. ೨೦೧೦ರಲ್ಲಿ ಆ ತಂಡ ೧೦ ಪಂದ್ಯ ಗೆದ್ದಿತ್ತು. ೨೦೧೧ರಲ್ಲಿ ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದ ಮ್ಯಾನಿಂಗ್ ಇಡೀ ಋತು ಆಡಲಿಲ್ಲ. ತಂಡ ಗೆದ್ದದ್ದು ಎರಡು! ಅಲ್ಲಿ ಜೊತೆಗಾರರ ಕೊರತೆಗಳನ್ನು ಅಷ್ಟು ವರ್ಷ ಮುಚ್ಚಿಟ್ಟವನು ಅವನೇ ಎಂಬುದು ಆಗ ಗೊತ್ತಾಯಿತು. ಜೊತೆಗಾರರು ಅವನನ್ನು ಎತ್ತಿ ಹಿಡಿಯುವಂತೆಯೇ, ಅವನು ಜೊತೆಗಾರರನ್ನು ಎತ್ತಿ ಹಿಡಿಯುವುದೂ ಉಂಟು.

ಅತ್ಯುತ್ತಮನಿಗೂ ಗೋಡೆ ಬೇಕು ಎಂಬುದನ್ನು ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್‌ನ ಅನುಭವ ತೋರಿಸುತ್ತದೆ. ೨೦೨೧ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಗೋಡೆಯ ಎರಡು ಕೊನೆಗಳನ್ನು ಕಾಯುತ್ತಿದ್ದ ಇಬ್ಬರೂ ಗಾಯಾಳುಗಳು. ಮಹೋಮ್ಸ್ ಪಂದ್ಯದುದ್ದಕ್ಕೂ ಪ್ರಾಣ ಉಳಿಸಿಕೊಂಡು ಓಡುವವನಂತೆ ಓಡಿದನು. ತಂಡ ಒಂದು ಟಚ್‌ಡೌನ್ ಸಹ ಗಳಿಸದೆ ೩೧–೯ರಿಂದ ಸೋತಿತು. ತಂಡದವರು ಅವನನ್ನು ದೂರಲಿಲ್ಲ. ಆ ವರ್ಷವೇ ಗೋಡೆಯ ಐವರನ್ನೂ ಹೊಸಬರನ್ನಾಗಿ ಮಾಡಿದರು. ೨೦೨೩ರ ಫೆಬ್ರವರಿಯಲ್ಲಿ ಎದುರಿಗಿದ್ದ ಫಿಲಡೆಲ್ಫಿಯಾ ತಂಡ ಆ ಋತುವಿನಲ್ಲಿ ೭೦ ಸ್ಯಾಕ್ ಮಾಡಿತ್ತು. ಅಂತಿಮ ಪಂದ್ಯದಲ್ಲಿ ಮಹೋಮ್ಸ್‌ನನ್ನು ಒಂದು ಸಲವೂ ಕೆಡವಲಾಗಲಿಲ್ಲ. ೩೮–೩೫ರಿಂದ ಅವನ ತಂಡ ಗೆದ್ದಿತು. ೨೦೨೫ರ ಫೆಬ್ರವರಿಯಲ್ಲಿ ಅದೇ ಫಿಲಡೆಲ್ಫಿಯಾದವರು ಅವನನ್ನು ಆರು ಸಲ ಕೆಡವಿದರು. ಅವನ ತಂಡ ೪೦–೨೨ರಿಂದ ಸೋತಿತು.

ತೀರ್ಪು ಕೊಡುವ ಮೊದಲು

ನಮಗೆ ಹತ್ತಿರದ ಕ್ರಿಕೆಟ್ಟಿನಲ್ಲಿಯೂ ಇದು ಹೊಸ ಮಾತಲ್ಲ. ಕರ್ನಾಟಕದ ಪ್ರಸನ್ನ, ಚಂದ್ರಶೇಖರ್ ಮೊದಲಾದವರ ಸ್ಪಿನ್ ಬೌಲಿಂಗನ್ನು ನೆನೆಯುವಾಗ, ಬ್ಯಾಟುಗಾರನ ಮೂಗಿನ ಕೆಳಗೆ ಕುಳಿತು ಕ್ಯಾಚು ಹಿಡಿಯುತ್ತಿದ್ದ ಮುಂಬಯಿಯ ಏಕನಾಥ ಸೋಲ್ಕರ್‌ನನ್ನು ಮರೆಯಲಾದೀತೇ? ೨೭ ಟೆಸ್ಟುಗಳಲ್ಲಿ ಅವನು ಹಿಡಿದ ಕ್ಯಾಚುಗಳು ೫೩. ಚೆಂಡು ಅಲ್ಲಿಗೆ ಬರುವಂತೆ ಮಾಡಿದ್ದು ಬೌಲರ್‌ನ ಕಲೆ. ಅದು ವಿಕೆಟ್ ಆದದ್ದು ಸೋಲ್ಕರ್‌ನ ಕೈಯಿಂದ.

ಆದುದರಿಂದ ಒಬ್ಬ ಆಟಗಾರನ ಬಗ್ಗೆ ತೀರ್ಪು ಕೊಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಮೇಲು. ಅವನಿಗೆ ಎಷ್ಟು ಕಾಲಾವಕಾಶ ಸಿಕ್ಕಿತು? ಅವನು ಕೊಟ್ಟದ್ದನ್ನು ಹಿಡಿಯುವವರು ಇದ್ದರೇ? ಅವನು ಮೈದಾನದಲ್ಲಿಲ್ಲದ ಹೊತ್ತಿನಲ್ಲಿ ರಕ್ಷಕರು ಏನು ಮಾಡಿದರು? ಅವನಿಗೆ ಕಲಿಸಿದವರು ಯಾರು, ಎಷ್ಟು ದಿನ ಕಲಿಸಿದರು? ಅವನು ಬೇರೆ ತಂಡಕ್ಕೆ ಹೋದಾಗ, ಅಥವಾ ಅವನ ಜಾಗಕ್ಕೆ ಬೇರೊಬ್ಬ ಬಂದಾಗ ಏನಾಯಿತು? ಇವಕ್ಕೆ ಉತ್ತರ ಸಿಕ್ಕ ಮೇಲೆ ಉಳಿಯುವುದೇ ಅವನ ಸ್ವಂತ ಗುಣ ದೋಷ.

ನಮ್ಮ ವಾಚಕರಲ್ಲಿ ಕೈಕೆಲಸದವರೂ ಗುಮಾಸ್ತರೂ ಹೆಚ್ಚು. ನೂಲು ಸರಿಯಾಗಿ ಬಾರದ ದಿನ ಮಗ್ಗದ ಮುಂದೆ ನಿಂತವನ ಬಟ್ಟೆ ಕಡಿಮೆಯಾಗುತ್ತದೆ. ಚೀಟಿಗಳು ಹೊತ್ತಿಗೆ ಬಾರದ ದಿನ ಖಾತೆ ಬರೆಯುವವನ ಲೆಕ್ಕ ತಡವಾಗುತ್ತದೆ. ಮೇಲಿನವರು ಕೇಳುವುದು ಕೊನೆಯಲ್ಲಿ ಕಂಡವನನ್ನೇ. ಹಾಗೆ ಕೇಳಿಸಿಕೊಂಡ ನೋವನ್ನು ಬಲ್ಲ ನಾವು, ನಾಳೆ ಸಂಜೆ ಪತ್ರಿಕೆಯ ಆಟದ ಪುಟವನ್ನು ತೆರೆದಾಗ, ದಪ್ಪ ಅಕ್ಷರದ ಹೆಸರನ್ನು ಓದಿ ಅಲ್ಲಿಗೇ ನಿಲ್ಲದೆ ಕೆಳಗಿನ ಸಣ್ಣ ಅಕ್ಷರದ ಹೆಸರುಗಳನ್ನೂ ಒಮ್ಮೆ ಓದೋಣ.